ಚರ್ಚ್ ಫಾದರ್‌ಗೆ ರೋಮ್‌ನಿಂದ ಸಂಬಳ ಬರುತ್ತಾ?

"ಪ್ರತಿ ಚರ್ಚಿನ ಪಾದ್ರಿಗೂ ತಿಂಗಳಿಗೆ ಇಷ್ಟು ಸಾವಿರ ಅಂತ ರೋಮ್‌ನಿಂದ ಸಂಬಳ ಬರುತ್ತೆ." ಚಿಕ್ಕಮಗಳೂರಿನ ವಾಟ್ಸ್ಆಪ್ ಗುಂಪುಗಳಲ್ಲಿ ಈ ಮೆಸೇಜ್ ಮತ್ತೆ ಓಡಾಡುತ್ತಿದೆ. ನಿಜ ಅಲ್ಲ.

ಚಿಕ್ಕಮಗಳೂರು ಧರ್ಮಕ್ಷೇತ್ರ, ಅಂದ್ರೆ ಒಬ್ಬ ಬಿಷಪ್ ಕೈಕೆಳಗಿನ ಕ್ಯಾಥೋಲಿಕ್ ಚರ್ಚುಗಳ ಪ್ರದೇಶ, ಶುರುವಾಗಿದ್ದು 1963ರಲ್ಲಿ. ಹಾಸನ ಜಿಲ್ಲೆಯೂ ಇದಕ್ಕೇ ಸೇರಿದೆ. ಇಲ್ಲಿನ ಗುರುಗಳನ್ನು (ಪಾದ್ರಿಗಳನ್ನು) ನೇಮಿಸುವವರು ಧರ್ಮಾಧ್ಯಕ್ಷರು, ಅಂದ್ರೆ ಬಿಷಪ್. ಗುರುಗಳ ಊಟ, ವಸತಿ, ಕೈಖರ್ಚಿಗೆ ಧರ್ಮಕೇಂದ್ರ (ಒಂದು ಊರಿನ ಚರ್ಚು ಮತ್ತು ಅದರ ಭಕ್ತರು) ಮತ್ತು ಧರ್ಮಕ್ಷೇತ್ರವೇ ದಾರಿ ಮಾಡಬೇಕು. ಭಾನುವಾರ ಪೂಜೆಯ ನಡುವೆ ಕಾಣಿಕೆ ಚೀಲ ಬೆಂಚಿನಿಂದ ಬೆಂಚಿಗೆ ಹೋಗುತ್ತಲ್ವಾ, ತೋಟದ ಕೆಲಸದವರು ಮಡಚಿ ಹಾಕುವ ಹತ್ತರ ನೋಟು ಸೇರುವುದು ಚರ್ಚಿನ ಲೆಕ್ಕಕ್ಕೆ, ಫಾದರ್ ಜೇಬಿಗಲ್ಲ. ಆ ಲೆಕ್ಕದಲ್ಲಿ ಸಲಹೆ ಕೊಡಲು ಪ್ರತಿ ಧರ್ಮಕೇಂದ್ರದಲ್ಲೂ ಹಣಕಾಸು ಸಮಿತಿ ಇರಲೇಬೇಕು ಅನ್ನುತ್ತೆ ಚರ್ಚಿನ ಕಾನೂನು. ತೀರಿಹೋದವರ ಹೆಸರಲ್ಲಿ ಪೂಜೆಗೆ ಕೊಡುವ ಕಾಣಿಕೆಯದು ಬೇರೆ ನಿಯಮ. ಕ್ರಿಸ್‌ಮಸ್ ಬಿಟ್ಟರೆ, ದಿನಕ್ಕೆ ಎಷ್ಟೇ ಪೂಜೆ ಮಾಡಿದರೂ ಗುರುಗಳು ಒಂದರ ಕಾಣಿಕೆ ಮಾತ್ರ ಇಟ್ಟುಕೊಳ್ಳಬಹುದು. ಗುರುಗಳ ಮುಂದೆ ತಪ್ಪು ಹೇಳಿಕೊಳ್ಳುವ ಪಾಪನಿವೇದನೆಗಂತೂ ಶುಲ್ಕವೇ ಇಲ್ಲ.

ತಮಾಷೆ ಏನಂದ್ರೆ, ದುಡ್ಡು ಹೋಗುವುದು ಉಲ್ಟಾ ದಿಕ್ಕಿಗೆ. ಜೂನ್ 29ರ ಪೇತ್ರ-ಪೌಲರ ಹಬ್ಬದ ಆಸುಪಾಸಿನಲ್ಲಿ ಜಗತ್ತಿನ ಕ್ಯಾಥೋಲಿಕ್ ಚರ್ಚುಗಳು ಪೋಪರ ಸೇವಾ ಕೆಲಸಕ್ಕೆ ಕಾಣಿಕೆ ಎತ್ತಿ ರೋಮ್‌ಗೆ ಕಳಿಸುತ್ತವೆ.

ಹಾಗಾದ್ರೆ ಸಂಬಳ ಪಡೆಯುವ ಪಾದ್ರಿಗಳೇ ಇಲ್ವಾ? ಇದ್ದಾರೆ. ಅನುದಾನಿತ ಶಾಲೆಯಲ್ಲಿ ಮೇಷ್ಟ್ರಾಗಿದ್ದರೆ ಸರ್ಕಾರದ ಸಂಬಳ ಬರುತ್ತೆ. ಅದು ಪಾಠ ಮಾಡಿದ್ದಕ್ಕೆ. ಆ ಸಂಬಳದಲ್ಲಿ ಟಿಡಿಎಸ್ (ಸಂಬಳ ಕೈಗೆ ಬರುವ ಮೊದಲೇ ಹಿಡಿಯುವ ಆದಾಯ ತೆರಿಗೆ) ಕೂಡ ಕಡಿತವಾಗಬೇಕು ಅಂತ 2024ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.