ಹಸಿರಿನ ಖರ್ಚು ಯಾರ ಲೆಕ್ಕಕ್ಕೆ?

ಪುಣೆಯ ಉದ್ಯಮಿಗಳ ಯಾವ ಸಭೆಗೆ ಹೋದರೂ ಈಗ ಒಂದು ಮಾತು ತಪ್ಪದೆ ಕಿವಿಗೆ ಬೀಳುತ್ತದೆ: ಪರಿಸರ ಕಾಪಾಡಿದರೆ ಲಾಭ ತಾನಾಗಿ ಬರುತ್ತದೆ. ವೇದಿಕೆಯ ಮೇಲಿರುವವರು ಹೆಚ್ಚಾಗಿ ದೊಡ್ಡ ಕಂಪನಿಯವರು. ಕೆಳಗೆ ಕುಳಿತು ತಲೆಯಾಡಿಸುವವರು ಭೋಸರಿ, ಪಿಂಪರಿ, ಚಾಕಣ್‌ಗಳ ಸಣ್ಣ ಶೆಡ್ಡುಗಳ ಮಾಲೀಕರು. ಅವರಲ್ಲಿ ವಿಜಯಪುರ, ಬೆಳಗಾವಿ, ಕಲಬುರಗಿಯ ಕಡೆಯಿಂದ ಬಂದು, ಲೇತ್ ಮುಂದೆ ನಿಂತು ಕೆಲಸ ಕಲಿತು, ಆಮೇಲೆ ಸ್ವಂತಕ್ಕೊಂದು ಗಾಳಾ (ಕಾರ್ಖಾನೆಯ ಮಳಿಗೆ) ಬಾಡಿಗೆ ಹಿಡಿದ ನಮ್ಮವರೂ ಇದ್ದಾರೆ. ಇಂಥ ಕೆಲವು ಘಟಕಗಳ ಖರ್ಚುವೆಚ್ಚದ ಲೆಕ್ಕ ನೋಡುವುದು ನನ್ನ ಕೆಲಸ. ಲೆಕ್ಕದ ಪುಸ್ತಕದ ಎದುರು ಕುಳಿತಾಗ ಆ ಮಾತು ಅರ್ಧ ಮಾತ್ರ ನಿಜ ಎನಿಸುತ್ತದೆ. ಅರ್ಧ ನಿಜವನ್ನು ಪೂರ್ತಿ ನಿಜವೆಂದು ಸಾರುತ್ತ ಹೋಗಿದ್ದರಿಂದ ಪರಿಸರಕ್ಕೂ ಒಳ್ಳೆಯದಾಗಿಲ್ಲ, ಸಣ್ಣ ಉದ್ಯಮಿಗೂ ಒಳ್ಳೆಯದಾಗಿಲ್ಲ.

ಮೊದಲು ನಿಜವಾದ ಅರ್ಧವನ್ನು ನೋಡೋಣ. ಯಾವುದಾದರೂ ಮಷಿನ್ ಶಾಪ್‌ನಲ್ಲಿ ಊಟದ ಹೊತ್ತಿಗೆ ಯಂತ್ರಗಳೆಲ್ಲ ನಿಂತ ಮೇಲೆ, ಕಂಪ್ರೆಸರ್ ಒಂದನ್ನು ಮಾತ್ರ ಚಾಲೂ ಇಟ್ಟು, ಸುಮ್ಮನೆ ನಿಂತು ಕೇಳಬೇಕು. ಗೋಡೆಯುದ್ದಕ್ಕೂ ಹಾದುಹೋದ ಪೈಪಿನ ಜೋಡಣೆಗಳಿಂದ, ಹಳೆಯ ಕಪ್ಲಿಂಗ್‌ಗಳಿಂದ, ಸವೆದ ಹೋಸ್‌ಗಳಿಂದ ಸುಯ್ಯೆಂದು ಗಾಳಿ ಸೋರುವುದು ಸ್ಪಷ್ಟವಾಗಿ ಕೇಳಿಸುತ್ತದೆ. ಸಾಬೂನಿನ ನೀರು ಸವರಿದರೆ ಗುಳ್ಳೆಯೆದ್ದು ಜಾಗವೂ ಕಾಣುತ್ತದೆ. ಯಂತ್ರಗಳು ಯಾವುದೂ ಗಾಳಿ ಬಳಸದಿರುವಾಗಲೂ ಕಂಪ್ರೆಸರ್ ಮತ್ತೆ ಮತ್ತೆ ಲೋಡ್ ತೆಗೆದುಕೊಳ್ಳುತ್ತಿದೆ ಎಂದರೆ ಅದು ದುಡಿಯುತ್ತಿರುವುದು ಸೋರಿಕೆಗಾಗಿ. ಸರಿಯಾಗಿ ನೋಡಿಕೊಳ್ಳದ ಕಡೆ ಕಂಪ್ರೆಸರ್ ಕೊಡುವ ಗಾಳಿಯಲ್ಲಿ ಶೇ 20ರಿಂದ 30ರಷ್ಟು ಹೀಗೆಯೇ ಹೋಗುತ್ತದೆ. ಅಗತ್ಯಕ್ಕಿಂತ ಹೆಚ್ಚಿಟ್ಟ ಒತ್ತಡವನ್ನು ಒಂದು ಬಾರ್‌ನಷ್ಟು ಇಳಿಸಿದರೆ ಕಂಪ್ರೆಸರಿನ ವಿದ್ಯುತ್ತಿನಲ್ಲಿ ಶೇ 6–7ರಷ್ಟು ಉಳಿಯುತ್ತದೆ. ಅದಕ್ಕೆ ಬೇಕಾದದ್ದು ಒಂದು ಸ್ಪ್ಯಾನರ್ ಮತ್ತು ಸ್ವಲ್ಪ ಧೈರ್ಯ. ಪರಿಚಯದ ಮಾಲೀಕರೊಬ್ಬರಿಗೆ ಇದನ್ನು ಹೇಳಿದಾಗ ಅವರು ನಕ್ಕು, "ಗಾಳಿಗೆ ಯಾರರೆ ರೊಕ್ಕ ಕೊಡ್ತಾರೇನ್ರಿ ಸರ?" ಎಂದು ಕೇಳಿದ್ದರು. ಪ್ರತಿ ತಿಂಗಳು ವಿದ್ಯುತ್ ಕಂಪನಿ ಮಹಾವಿತರಣದ ಬಿಲ್ಲಿನಲ್ಲಿ ಅವರೇ ಕೊಡುತ್ತಿದ್ದರು.

ಮೋಟಾರಿನ ಲೆಕ್ಕವೂ ಹೀಗೆಯೇ ಇದೆ. ಹತ್ತು ಎಚ್‌ಪಿಯ ಮೋಟಾರು ಪೂರ್ಣ ಲೋಡಿನಲ್ಲಿ ವರ್ಷಕ್ಕೆ 4,000 ಗಂಟೆ ಓಡಿದರೆ ಸುಮಾರು 34,000 ಯೂನಿಟ್ ಉರಿಯುತ್ತದೆ; ಯೂನಿಟ್ಟಿಗೆ ಎಂಟು ರೂಪಾಯಿ ಹಿಡಿದರೂ ಎರಡು ಲಕ್ಷದ ಎಪ್ಪತ್ತು ಸಾವಿರ. ಮೋಟಾರಿನ ಬೆಲೆ ಇದರ ಒಂದು ಸಣ್ಣ ಪಾಲು. ಹೀಗಿದ್ದರೂ ಸುಟ್ಟ ಮೋಟಾರನ್ನು ಒಳಗಿನ ತಂತಿ ಮತ್ತೆ ಸುತ್ತಿಸಲು ಮೂರನೆಯ ಸಲ, ನಾಲ್ಕನೆಯ ಸಲ ರಿವೈಂಡಿಂಗ್‌ಗೆ ಕಳಿಸುವವರೇ ಹೆಚ್ಚು. ರಿವೈಂಡಿಂಗ್ ಚೆನ್ನಾಗಿ ಆಗದಿದ್ದರೆ ಪ್ರತಿ ಸಲವೂ ಮೋಟಾರಿನ ದಕ್ಷತೆ ಸ್ವಲ್ಪ ಸ್ವಲ್ಪವೇ ಕುಸಿಯುತ್ತದೆ. ಇದನ್ನು ಅಜ್ಞಾನ ಎಂದು ಕರೆಯುವವರು ಸಣ್ಣ ಉದ್ಯಮಿಯ ಬ್ಯಾಂಕ್ ಖಾತೆಯನ್ನು ನೋಡಿಲ್ಲ. ಹೊಸ ಮೋಟಾರಿಗೆ ಹಣ ಇವತ್ತೇ ಬೇಕು, ವಿದ್ಯುತ್ ಬಿಲ್ಲಿಗೆ ತಿಂಗಳ ಕೊನೆಯವರೆಗೆ ಸಮಯವಿದೆ. ಚಾವಣಿಯ ಮೇಲೆ ಸೋಲಾರ್ ಹಾಕಿಸಿ ಎಂಬ ಸಲಹೆಯದೂ ಇದೇ ಕಥೆ: ಗಾಳಾ ಬಾಡಿಗೆಯದು, ಶೀಟು ಮಾಲೀಕರದು, ಕರಾರು ಹನ್ನೊಂದು ತಿಂಗಳದ್ದು.

ಈ ಕೊರತೆಯನ್ನು ತುಂಬಲು ಸರ್ಕಾರದ ಯೋಜನೆಗಳಿವೆ ಎನ್ನುವುದನ್ನು ಒಪ್ಪಬೇಕು. ದೋಷವಿಲ್ಲದ, ಪರಿಸರಕ್ಕೆ ಹಾನಿಯಿಲ್ಲದ ಉತ್ಪಾದನೆಗೆಂದು ಕೊಡುವ ಝೆಡ್ ಪ್ರಮಾಣಪತ್ರದ ಶುಲ್ಕದಲ್ಲಿ ಅತಿಸಣ್ಣ ಘಟಕಕ್ಕೆ ಶೇ 80, ಸಣ್ಣದಕ್ಕೆ ಶೇ 60, ಮಧ್ಯಮಕ್ಕೆ ಶೇ 50ರಷ್ಟು ರಿಯಾಯಿತಿಯಿದೆ. 2025ರ ಜುಲೈನಲ್ಲಿ ಇಂಧನ ದಕ್ಷತಾ ಬ್ಯೂರೋ ಆರಂಭಿಸಿದ ಅದಿತಿ ಯೋಜನೆಯಲ್ಲಿ ಇಂಧನ ಉಳಿಸುವ ಯಂತ್ರಗಳ ಸಾಲಕ್ಕೆ ಅತಿಸಣ್ಣ ಮತ್ತು ಸಣ್ಣ ಘಟಕಗಳಿಗೆ ಶೇ 5, ಮಧ್ಯಮ ಘಟಕಗಳಿಗೆ ಶೇ 3 ಬಡ್ಡಿ ಸಹಾಯಧನ ಸಿಗುತ್ತದೆ. ಆದರೆ ಅದು ಆಯ್ದ ಹದಿನಾಲ್ಕು ವಲಯಗಳಿಗೆ ಮಾತ್ರ. ಇವುಗಳಲ್ಲಿ ಸಾಲದ ಯೋಜನೆಯನ್ನು ನಾನು ಹೆಚ್ಚು ಮೆಚ್ಚುತ್ತೇನೆ. ಗೋಡೆಗೆ ತೂಗಿದ ಪ್ರಮಾಣಪತ್ರದಿಂದ ಮೀಟರು ನಿಧಾನವಾಗಿ ತಿರುಗಿದ್ದನ್ನು ನಾನಂತೂ ಕಂಡಿಲ್ಲ.

ಇನ್ನು ಸಭೆಗಳಲ್ಲಿ ಯಾರೂ ಬಾಯಿಬಿಡದ ಎರಡನೆಯ ಅರ್ಧಕ್ಕೆ ಬರೋಣ. ವಾಹನಗಳ ಬಿಡಿಭಾಗಗಳಿಗೆ ಸತುವಿನ ಲೇಪ, ಅದರ ಮೇಲೆ ಕ್ರೋಮೇಟ್ ಪದರ ಕೊಡುವ ಪ್ಲೇಟಿಂಗ್ ಘಟಕವೊಂದನ್ನು ತೆಗೆದುಕೊಳ್ಳಿ. ಲೇಪದ ತೊಟ್ಟಿಯಿಂದ ಎತ್ತಿದ ಬಿಡಿಭಾಗವನ್ನು ಕೆಲವು ಸೆಕೆಂಡು ತೊಟ್ಟಿಯ ಮೇಲೆಯೇ ಹಿಡಿದು ತೊಟ್ಟಿಕ್ಕಲು ಬಿಟ್ಟರೆ ದ್ರಾವಣ ಉಳಿಯುತ್ತದೆ. ಒಂದರ ಪಕ್ಕದಲ್ಲೊಂದು ತೊಳೆಯುವ ತೊಟ್ಟಿಗಳನ್ನಿಟ್ಟು ನೀರನ್ನು ಕೊನೆಯ ತೊಟ್ಟಿಯಿಂದ ಮೊದಲಿನದಕ್ಕೆ ಹರಿಸಿದರೆ ನೀರಿನ ಬಳಕೆ ಹಲವು ಪಟ್ಟು ಇಳಿಯುತ್ತದೆ. ಇಲ್ಲಿಯವರೆಗೆ ಪರಿಸರವೂ ಲಾಭವೂ ಜೊತೆಯಾಗಿಯೇ ನಡೆಯುತ್ತವೆ. ಆದರೆ ಅಷ್ಟೆಲ್ಲ ಮಾಡಿದ ಮೇಲೂ ಉಳಿಯುವ ಕ್ರೋಮಿಯಂ ಬೆರೆತ ನೀರನ್ನು ರಾಸಾಯನಿಕ ಹಾಕಿ ಸಂಸ್ಕರಿಸಬೇಕು, ಸುಣ್ಣ ಬೆರೆಸಿ ಲೋಹವನ್ನು ತಳಕ್ಕೆ ಇಳಿಸಬೇಕು, ಫಿಲ್ಟರ್ ಪ್ರೆಸ್‌ನಲ್ಲಿ ಹಿಂಡಬೇಕು, ಉಳಿದ ಸ್ಲಡ್ಜನ್ನು, ಅಂದರೆ ಲೋಹದ ಕೆಸರನ್ನು, ರಾಂಜಣಗಾವ್‌ನಲ್ಲಿರುವ ಅಪಾಯಕಾರಿ ತ್ಯಾಜ್ಯದ ಸಾಮೂಹಿಕ ಕೇಂದ್ರಕ್ಕೆ ಹಣ ಕೊಟ್ಟು ಸಾಗಿಸಬೇಕು. ಇದರಲ್ಲಿ ಒಂದು ರೂಪಾಯಿಯೂ ಮರಳಿ ಬರುವುದಿಲ್ಲ. ಇದು ಶುದ್ಧ ಖರ್ಚು, ಮತ್ತು ನ್ಯಾಯವಾಗಿ ಮಾಡಲೇಬೇಕಾದ ಖರ್ಚು. ಪ್ರಾಮಾಣಿಕನು ಇದನ್ನು ತನ್ನ ದರದಲ್ಲಿ ಸೇರಿಸಿದರೆ, ರಾತ್ರಿ ನಾಲೆಗೆ ಪೈಪು ಬಿಡುವ ಪಕ್ಕದ ಶೆಡ್ಡಿನವನು ಕಿಲೋಗೆ ಒಂದೆರಡು ರೂಪಾಯಿ ಕಡಿಮೆ ಹೇಳಿ ಆರ್ಡರು ಒಯ್ಯುತ್ತಾನೆ. ಆಳಂದಿಯಲ್ಲಿ ಇಂದ್ರಾಯಣಿ ನದಿಯ ಮೇಲೆ ಪದೇ ಪದೇ ಕಾಣುವ ಬಿಳಿ ನೊರೆಗೆ ಊರಿನ ಕೊಳಚೆ, ಕಾರ್ಖಾನೆಗಳ ನೀರು ಎಂದು ಹಲವು ಕಾರಣಗಳನ್ನು ಹೇಳುತ್ತಾರೆ. ಈ ದರದ ಪೈಪೋಟಿಯನ್ನೂ ಅವುಗಳ ಜೊತೆ ಎಣಿಸಬೇಕು ಎಂಬುದು ನನ್ನ ಅಭಿಪ್ರಾಯ.

ಇಂಥ ಕಡೆ ಉಪದೇಶ ಕೆಲಸ ಮಾಡುವುದಿಲ್ಲ, ಎಲ್ಲರಿಗೂ ಒಂದೇ ದಿನ ಬರುವ ನಿಯಮ ಕೆಲಸ ಮಾಡುತ್ತದೆ. ಮುಂಬೈಯ ನಮ್ಮ ಹೋಟೆಲಿನವರ ಉದಾಹರಣೆ ನೋಡಿ. 2025ರ ಜನವರಿ 9ರಂದು ಬಾಂಬೆ ಹೈಕೋರ್ಟ್ ಕಟ್ಟಿಗೆ, ಕಲ್ಲಿದ್ದಲು ಸುಡುವ ಬೇಕರಿಗಳು ಆರು ತಿಂಗಳಲ್ಲಿ ಅನಿಲಕ್ಕೋ ಬೇರೆ ಶುದ್ಧ ಇಂಧನಕ್ಕೋ ಬದಲಾಗಬೇಕೆಂದು ಆದೇಶಿಸಿತು. ಅದರ ಬೆನ್ನಿಗೆ ಮಹಾನಗರಪಾಲಿಕೆ ಇದ್ದಲಿನ ತಂದೂರಿರುವ ಹೋಟೆಲುಗಳಿಗೂ ಜುಲೈ 8ರ ಗಡುವು ಕೊಟ್ಟು ನೋಟಿಸು ಕಳಿಸಿತು. ರುಚಿ ಕೆಡುತ್ತದೆ, ಖರ್ಚು ಹೆಚ್ಚುತ್ತದೆ ಎಂಬ ಗೊಣಗಾಟ ಸಹಜವೇ. ಆದರೆ ಎದುರಿನ ಹೋಟೆಲಿನವನೂ ಅದೇ ಗಡುವಿನೊಳಗೆ ತಂದೂರು ಬದಲಿಸಬೇಕಾದಾಗ, ರೊಟ್ಟಿಯ ಬೆಲೆಯನ್ನು ಸ್ವಲ್ಪ ಏರಿಸಿದವನೊಬ್ಬನೇ ಗಿರಾಕಿಯನ್ನು ಕಳೆದುಕೊಳ್ಳುವ ಭಯವಿರುವುದಿಲ್ಲ. ಆದ್ದರಿಂದಲೇ ಮಾಲಿನ್ಯ ನಿಯಂತ್ರಣ ಮಂಡಳಿಯ ತಪಾಸಣೆ ಬಿಗಿಯಾದರೆ ಸಣ್ಣವರು ಸಾಯುತ್ತಾರೆ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ತಪಾಸಣೆ ಒಂದೇ ಸಮನಾಗಿ ನಡೆಯದಿದ್ದಾಗ ಸಾಯುವವನು ಸ್ಲಡ್ಜಿಗೆ ಹಣ ಕಟ್ಟಿದವನು.

ಈಗ ಹೊಸದೊಂದು ಭಾರ ಬಂದಿದೆ, ಅದು ಎಕ್ಸೆಲ್ ಫಾರ್ಮಿನ ರೂಪದಲ್ಲಿ ಬರುತ್ತದೆ. ಷೇರುಪೇಟೆಯಲ್ಲಿ ನೋಂದಾಯಿತವಾದ ಅಗ್ರ 1,000 ಕಂಪನಿಗಳಿಗೆ ನಿಯಂತ್ರಕ ಸಂಸ್ಥೆ ಸೆಬಿ 2022–23ರಿಂದ ಬಿಆರ್‌ಎಸ್‌ಆರ್ ಎಂಬ ಪರಿಸರ ಮತ್ತು ಸಾಮಾಜಿಕ ಹೊಣೆಯ ವರದಿಯನ್ನು ಕಡ್ಡಾಯಗೊಳಿಸಿತು. ಯುರೋಪಿನ ಒಕ್ಕೂಟ ಸಿಬ್ಯಾಮ್ ಎಂಬ ಗಡಿ ಇಂಗಾಲ ಶುಲ್ಕದ ವರದಿಗಳನ್ನು 2023ರ ಅಕ್ಟೋಬರಿನಿಂದ ಕೇಳತೊಡಗಿ, 2026ರ ಜನವರಿ 1ರಿಂದ ಅಂತಿಮ ಹಂತಕ್ಕೆ ತಂದಿತು. ಉಕ್ಕಿನ ಬೋಲ್ಟು, ಸ್ಕ್ರೂಗಳೂ ಅದರ ವ್ಯಾಪ್ತಿಯಲ್ಲಿವೆ. ದೊಡ್ಡವರಿಗೆ ಬಂದ ಪ್ರಶ್ನೆ ಕೆಳಗಿಳಿಯುತ್ತ ಇಳಿಯುತ್ತ ಕೊನೆಗೆ ಹದಿನೈದು ಜನರಿರುವ ಶೆಡ್ಡಿನ ಕಂಪ್ಯೂಟರಿಗೆ ಬಂದು ನಿಲ್ಲುತ್ತದೆ. ಬೋಲ್ಟಿನ ಇಂಗಾಲದ ಬಹುಪಾಲು ಹುಟ್ಟುವುದು ಅದಿರು ಕರಗಿ ಉಕ್ಕಾಗುವ ಕಾರ್ಖಾನೆಯಲ್ಲಿ. ಭೋಸರಿಯಲ್ಲಿ ಸೇರುವುದು ಅಲ್ಪ. ಉಕ್ಕು ಯಾವ ಕಾರ್ಖಾನೆಯದೆಂದು ಅನೇಕ ಸಲ ಖರೀದಿಸುವ ದೊಡ್ಡ ಕಂಪನಿಯೇ ನಿಗದಿ ಮಾಡಿರುತ್ತದೆ. ಆದರೂ ಲೆಕ್ಕ ಕೊಡಬೇಕಾದವನು, ಕನ್ಸಲ್ಟಂಟನ ಫೀಸು ತೆರಬೇಕಾದವನು ಈ ಸಣ್ಣವನು.

ಇದೇ ಖರೀದಿದಾರರು ಹಣ ಕೊಡುವುದು ಎಷ್ಟು ದಿನಕ್ಕೆ? 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಒಪ್ಪಂದ ಏನೇ ಇರಲಿ, 45 ದಿನ ದಾಟುವಂತಿಲ್ಲ. ದಾಟಿದರೆ ರಿಸರ್ವ್ ಬ್ಯಾಂಕಿನ ದರದ ಮೂರು ಪಟ್ಟು ಚಕ್ರಬಡ್ಡಿ. ಅತಿಸಣ್ಣ ಮತ್ತು ಸಣ್ಣ ಘಟಕಗಳಿಗೆ ಗಡುವಿನೊಳಗೆ ಕೊಡದ ಹಣವನ್ನು ನಿಜವಾಗಿ ಕೊಟ್ಟ ವರ್ಷದಲ್ಲಿ ಮಾತ್ರ ಖರ್ಚೆಂದು ತೋರಿಸಬಹುದು ಎಂಬ ತೆರಿಗೆ ನಿಯಮವೂ 2023–24ರಿಂದ ಬಂದಿದೆ. ಆದರೂ ಮೂರು ತಿಂಗಳು ದಾಟಿದ ಬಾಕಿಗಳು ನನ್ನ ಮುಂದಿನ ಲೆಕ್ಕದ ಪುಸ್ತಕಗಳಲ್ಲಿ ಈಗಲೂ ಸಾಲುಸಾಲಾಗಿವೆ. ಬಡ್ಡಿ ಕೇಳಿದವನಿಗೆ ಮುಂದಿನ ಆರ್ಡರು ಬರುವುದಿಲ್ಲ ಎಂಬುದು ಎರಡೂ ಕಡೆಯವರಿಗೆ ಗೊತ್ತು. ಹೊಸ ಮೋಟಾರಿಗೆ ಹೋಗಬೇಕಾದ ಹಣ ಆ ಬಾಕಿಯಲ್ಲಿ ಸಿಕ್ಕಿಕೊಂಡಿದೆ.

ಪುಣೆಯ ಕನ್ನಡಿಗರಲ್ಲಿ ದೊಡ್ಡ ಕಂಪನಿಗಳ ಖರೀದಿ ವಿಭಾಗದಲ್ಲಿರುವವರು ಅನೇಕರಿದ್ದೀರಿ, ಈ ಬರಹ ಮುಖ್ಯವಾಗಿ ನಿಮಗೆ. ಉಕ್ಕಿನ ಬೆಲೆ ಏರಿಳಿದರೆ ದರ ಹೊಂದಿಸುವ ಷರತ್ತು ನಿಮ್ಮ ರೇಟ್ ಕಾಂಟ್ರ್ಯಾಕ್ಟ್‌ಗಳಲ್ಲಿ ಈಗಾಗಲೇ ಇರುತ್ತದೆ. ಅದರ ಕೆಳಗೆ ನೀರಿನ ಸಂಸ್ಕರಣೆ ಮತ್ತು ಸ್ಲಡ್ಜ್ ವಿಲೇವಾರಿಗೆಂದು ಇನ್ನೊಂದು ಸಾಲು ಸೇರಿಸಿ. ರಾಂಜಣಗಾವ್‌ಗೆ ಸ್ಲಡ್ಜ್ ಕಳಿಸಿದ್ದಕ್ಕೆ ದಾಖಲೆಯಾದ ಮ್ಯಾನಿಫೆಸ್ಟ್ ಪ್ರತಿ ಬಿಲ್ಲಿನ ಜೊತೆ ಇರಲಿ ಎಂದು ಕೇಳಿ, ಅದು ಇದ್ದವರಿಗೆ ಮಾತ್ರ ಆ ಸಾಲಿನ ಹಣ ಕೊಡಿ, 45 ದಿನದೊಳಗೆ ಕೊಡಿ.