ಹುಣ್ಣಿಮೆ ಬೇಡ, ಅಮಾವಾಸ್ಯೆ ನೋಡಿ ಹೋಗಿ

ಲೇಖನ ಇಷ್ಟವಾಯಿತು. ಆದರೆ ಕೆರಿಬಿಯನ್ ದ್ವೀಪ ಪೋರ್ಟೊ ರಿಕೊದಲ್ಲಿ ರಾತ್ರಿ ನೀಲಿಯಾಗಿ ಹೊಳೆಯುವ ನೀರಿನಲ್ಲಿ ಕಯಾಕ್ (ಹುಟ್ಟು ಹಾಕುವ ಸಣ್ಣ ದೋಣಿ) ನಡೆಸಲು ಹುಣ್ಣಿಮೆ ರಾತ್ರಿ ಒಳ್ಳೆಯದು ಎಂದು ಬರೆದಿದ್ದೀರಲ್ಲ, ಅದೊಂದನ್ನು ದಯವಿಟ್ಟು ತಿದ್ದಿ. ಬೆಳದಿಂಗಳಿದ್ದರೆ ಆ ನೀಲಿ ಬೆಳಕು ಕಾಣುವುದೇ ಕಷ್ಟ.

ನಾವು ಬೆಳಗಾವಿಯವರು, ಮಗಳು ಅಮೆರಿಕದಲ್ಲಿದ್ದಾಳೆ, ಮುಂದಿನ ಚಳಿಗಾಲದಲ್ಲಿ ಎಲ್ಲರೂ ಸೇರಿ ಪೋರ್ಟೊ ರಿಕೊಗೆ ಸೇರಿದ ವಿಯೆಕ್ವೆಸ್ ದ್ವೀಪದ ಮಸ್ಕೀಟೊ ಬೇ ಎಂಬ ಕೊಲ್ಲಿಗೆ ಹೋಗಬೇಕು ಅಂತ ಆರು ತಿಂಗಳಿಂದ ಇದನ್ನೇ ಓದುತ್ತಿದ್ದೇನೆ. ದಿನ ಗೊತ್ತು ಮಾಡಲು ಮೊದಲು ತೆಗೆದದ್ದು ಪಂಚಾಂಗ. ಅಮಾವಾಸ್ಯೆ ದಿನ ಊರು ಬಿಡಬೇಡಿ ಅಂತ ನಮ್ಮವ್ವ ಹೇಳಿದ್ದಾಳೆ, ಹಾಗಾಗಿ ನಾಲ್ಕು ದಿನ ಮೊದಲೇ ಹೊರಡುತ್ತೇವೆ.

ಬೆಳಕು ಕೊಡುವುದು ಪೈರೊಡಿನಿಯಂ ಎಂಬ ಒಂದೇ ಕೋಶದ ಜೀವಿ. ಹುಟ್ಟು ತಾಗಿದರೆ, ಮೀನು ಓಡಿದರೆ, ನೀರು ಸುಮ್ನೆ ಅಲುಗಿದರೂ ಕ್ಷಣಕಾಲ ಮಿಂಚುತ್ತದೆ. ಕೊಲ್ಲಿಯ ಬಾಯಿ ಕಿರಿದು, ಸುತ್ತ ಮ್ಯಾಂಗ್ರೋವ್ ಕಾಡು, ಅದಕ್ಕೇ ಅವು ಸಮುದ್ರಕ್ಕೆ ಕೊಚ್ಚಿಹೋಗದೆ ಅಲ್ಲೇ ಜಾಸ್ತಿ ಉಳಿಯುತ್ತವೆ. 2017ರ ಮರಿಯಾ ಚಂಡಮಾರುತ ಬಂದಾಗ ಕೆಲವು ತಿಂಗಳು ಕೊಲ್ಲಿ ಕತ್ತಲಾಗಿತ್ತು, ಆಮೇಲೆ ಬೆಳಕು ಮರಳಿತು. ಅದನ್ನು ಓದಿದಾಗ ನನಗೆ ನಿಜವಾಗಿಯೂ ಸಮಾಧಾನವಾಯಿತು.

ಇನ್ನೊಂದು ಮಾತು. ಅಲ್ಲಿ ಈಜುವ ಹಾಗಿಲ್ಲ. ಸನ್‌ಸ್ಕ್ರೀನ್, ಸೊಳ್ಳೆ ಕ್ರೀಮು ಹಚ್ಚಿದ ಕೈಯನ್ನು ನೀರಿಗೆ ಇಳಿಸಬೇಡಿ, ಆ ಜೀವಿಗಳಿಗೆ ಕೆಡುಕು. ಸೊಳ್ಳೆಗೆ ತುಂಬು ತೋಳಿನ ಅಂಗಿ ಹಾಕಿಕೊಂಡರೆ ಆಯಿತು, ಅಲ್ವಾ? ಈಜು ಬರದವರು ಲೈಫ್ ಜಾಕೆಟ್ ಬಿಗಿಯಾಗಿ ಕಟ್ಟಿಕೊಳ್ಳಿ. ನನ್ನ ಹೆಂಡತಿಗೂ ಈಜು ಬರುವುದಿಲ್ಲ, ಇಬ್ಬರು ಕೂರುವ ಕಯಾಕ್‌ನಲ್ಲಿ ಅವಳ ಹಿಂದೆ ನಾನೇ ಕೂರುತ್ತೇನೆ.