ಹ್ಯಾಮರ್‌ಫೆಲ್‌ನಲ್ಲಿ ಎರಡು ಗುಂಟೆ

ರವಿವಾರ ಬೆಳಗ್ಗೆ ಒಂಬತ್ತರ ಸುಮಾರು. ನಾನಿನ್ನೂ ಹಾಸಿಗೆಯಲ್ಲಿದ್ದೆ. ಪಡಸಾಲೆಯಿಂದ ಒಂದು ಹೊಸ ದನಿ ಕೇಳಿಸಿತು.

“ಹ್ಯಾಮರ್‌ಫೆಲ್ ಏನ್ರಿ ಗುರುಗಳ? ನನಗ ಗೊತ್ತಿಲ್ಲದ್ದೇನ್ರಿ ಅದು! ಫೇಸ್ ಒನ್ ಎಲ್ಲಾ ಹೋಗಿ ಮುಗದೈತಿ. ಫೇಸ್ ಟೂದಾಗ ಎರಡು ಗುಂಟೆದ್ದೊಂದು ಉಳದೈತಿ. ಪೂರ್ವಕ್ಕ ಮಾರಿ, ಎನ್‌ಎ ಆಗೈತಿ, ಉತಾರ ಕ್ಲಿಯರ್.”

ನಾನು ಎದ್ದು ಕೂತೆ. ಹ್ಯಾಮರ್‌ಫೆಲ್ ಅನ್ನುವುದು ಇಲ್ಲದ ಲೋಕದ, ಇಲ್ಲದ ಖಂಡದ, ಇಲ್ಲದ ಒಂದು ಪ್ರಾಂತ. ಅದು ಇರುವುದು ಬೆಥೆಸ್ಡಾ ಕಂಪನಿಯ ‘ಎಲ್ಡರ್ ಸ್ಕ್ರಾಲ್ಸ್’ ಎಂಬ ವಿಡಿಯೊ ಗೇಮುಗಳಲ್ಲಿ. ಅಲ್ಲಿಗೆ ಹೋಗಬೇಕೆಂದು ನಾನು 2018ರಿಂದ ಕಾಯುತ್ತಿದ್ದೇನೆ. ನನಗಿಂತ ಮೊದಲೇ ನಮ್ಮಪ್ಪ ಅಲ್ಲಿ ಸಂಚಗಾರ ಕೊಡುವ ಹಂತಕ್ಕೆ ಬಂದಿದ್ದ.

ಇದು ಹೇಗಾಯಿತೆಂದು ಹೇಳಲು ಸ್ವಲ್ಪ ಹಿಂದೆ ಹೋಗಬೇಕು. ಈ ಸರಣಿಯ ಐದನೇ ಆಟ ‘ಸ್ಕೈರಿಮ್’ ಬಂದದ್ದು 2011ರ ನವೆಂಬರ್ 11ಕ್ಕೆ. ಆಗ ನಾನು ಕಾಲೇಜಿನಲ್ಲಿದ್ದೆ, ತಲೆ ತುಂಬ ಕೂದಲಿತ್ತು. ಆರನೆಯದು ಬರುತ್ತದೆ ಎಂದು 2018ರ ಜೂನ್‌ನಲ್ಲಿ ಬೆಥೆಸ್ಡಾದ ಟಾಡ್ ಹೋವರ್ಡ್ ಸಾಹೇಬರು ಲಾಸ್ ಏಂಜಲಿಸ್‌ನಲ್ಲಿ ಸಾರಿ, 36 ಸೆಕೆಂಡಿನ ಟೀಸರ್ ತೋರಿಸಿದರು. ಗುಡ್ಡ, ಮಂಜು, ದೂರದಲ್ಲೊಂದು ನೀರಿನ ದಂಡೆ, ಸಂಗೀತ. ಮುಗೀತು. ನರಪಿಳ್ಳೆ ಇಲ್ಲ, ಊರ ಹೆಸರಿಲ್ಲ. ನಮ್ಮ ಕಡೆಯ ಲಗ್ನದ ವಿಡಿಯೊಗಳಲ್ಲಿ ಗುಲಾಬಿ ಹೂವಿನ ನಡುವೆ ವಧೂವರರ ಹೆಸರು ಗಿರಗಿರ ತಿರುಗಿ ನಿಲ್ಲುವುದಕ್ಕೇ ಇದಕ್ಕಿಂತ ಹೆಚ್ಚು ಹೊತ್ತು ಬೇಕು.

ಆಗಿನ್ನೂ ಹುಬ್ಬಳ್ಳಿ-ಧಾರವಾಡದ ನಡುವೆ ಚಿಗರಿ ಬಸ್ಸು ರಸ್ತೆಗೆ ಇಳಿದಿರಲಿಲ್ಲ. ಆಮೇಲೆ ಚಿಗರಿ ಓಡಿತು, ಕೊರೊನಾ ಬಂದು ಹೋಯಿತು, 2023ರ ಮಾರ್ಚ್‌ನಲ್ಲಿ ಹುಬ್ಬಳ್ಳಿ ಸ್ಟೇಶನ್ನಿಗೆ 1,507 ಮೀಟರಿನ, ಜಗತ್ತಿನಲ್ಲೇ ಉದ್ದನೆಯ ಪ್ಲಾಟ್‌ಫಾರ್ಮ್ ಬಂತು. ಅದರ ಈ ತುದಿಯಿಂದ ಆ ತುದಿಯವರೆಗೆ ಗಂಟು ಮೂಟೆ ಇಟ್ಟುಕೊಂಡು ನಿಂತವರ ಹಾಗೆ ನಾವು ನಿಂತೇ ಇದ್ದೇವೆ. ಗಾಡಿ ಬರದಿದ್ದರೆ ಪ್ಲಾಟ್‌ಫಾರ್ಮಿನ ಮೇಲಿನ ಮಂದಿ ಏನು ಮಾಡುತ್ತಾರೋ ನಾವೂ ಅದನ್ನೇ ಮಾಡಿದೆವು. ಥಿಯರಿ ಕಟ್ಟಿದೆವು.

ಕತೆ ಎಲ್ಲಿ ನಡೆಯುತ್ತದೆ ಎಂಬುದೇ ದೊಡ್ಡ ಜಗಳ. ಗುಡ್ಡದ ಬಣ್ಣ ನೋಡಿ, ದಂಡೆಯ ತಿರುವು ನೋಡಿ ಬಹಳ ಮಂದಿ ಹ್ಯಾಮರ್‌ಫೆಲ್ ಅಂದರು. ಕೆಲವರು ಇಲಿಯಾಕ್ ಕೊಲ್ಲಿಯ ಆಚೆ ದಂಡೆಯ ಹೈ ರಾಕ್ ಅಂದರು. ಅಷ್ಟರಲ್ಲಿ ಕಂಪನಿ ‘ರೆಡ್‌ಫಾಲ್’ ಎಂಬ ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಸಿದ ಸುದ್ದಿ ಬಂತು. ಹ್ಯಾಮರ್‌ಫೆಲ್‌ನಲ್ಲಿರುವ ಜನಕ್ಕೆ ರೆಡ್‌ಗಾರ್ಡ್ ಅನ್ನುತ್ತಾರೆ. ಇಲ್ಲೂ ರೆಡ್ಡು, ಅಲ್ಲೂ ರೆಡ್ಡು, ಇನ್ನೇನು ಬೇಕು? ಆಟದ ಹೆಸರೇ ಸಿಕ್ಕಿತೆಂದು ನಾನು ಲೈನ್ ಬಜಾರಿನಿಂದ ಅರ್ಧ ಕಿಲೊ ಫೇಡೆ ಒಯ್ದು ಆಫೀಸಿನಲ್ಲಿ ಹಂಚಿದೆ. ಏನು ವಿಶೇಷ ಎಂದವರಿಗೆ “ಹೆಸರು ಗೊತ್ತಾತ್ರಿ” ಅಂದೆ. “ಗಂಡೋ ಹೆಣ್ಣೋ?” ಎಂದು ಕೇಳಿದ ಕ್ಯಾಶಿಯರ್‌ಗೆ ನನ್ನ ಲಗ್ನವೇ ಆಗಿಲ್ಲವೆಂಬುದು ಎರಡನೇ ಫೇಡೆಯ ಹೊತ್ತಿಗೆ ನೆನಪಾಯಿತು. 2021ರಲ್ಲಿ ನೋಡಿದರೆ ರೆಡ್‌ಫಾಲ್ ಅಂದರೆ ರಕ್ತ ಹೀರುವ ಪಿಶಾಚಿಗಳಿಗೆ ಗುಂಡು ಹೊಡೆಯುವ ಬೇರೆಯೇ ಆಟ. ಫೇಡೆ ತಿಂದವರು ಯಾರೂ ವಾಪಸು ಕೊಡಲಿಲ್ಲ.

ಇಷ್ಟಾದ ಮೇಲಾದರೂ ಬುದ್ಧಿ ಬರಬೇಕಿತ್ತು. ಅದೇ ವರ್ಷ ಆ ಕಂಪನಿಯ ‘ಸ್ಟಾರ್‌ಫೀಲ್ಡ್’ ಆಟದ ಟೀಸರ್ ಬಂತು. ಅದು ಅಂತರಿಕ್ಷದ ಆಟ. ನಮ್ಮವರು ಆಕಾಶ, ಗ್ರಹ ಎಲ್ಲ ಬಿಟ್ಟು ನೌಕೆಯೊಳಗಿನ ಒಂದು ಗೀರನ್ನು ಹಿಡಿದರು. ಗೀರಿನ ಆಕಾರ ಥೇಟ್ ಹ್ಯಾಮರ್‌ಫೆಲ್ ನಕಾಶೆಯಂತೆ! ನಾನೂ ಫೋನನ್ನು ಉಲ್ಟಾ ಪಲ್ಟಾ ಮಾಡಿ ನೋಡಿದೆ. ಹೌದು, ಹಾಗೇ ಇತ್ತು. ನನ್ನ ಸ್ಕೂಟರಿನ ಮೇಲೂ ಅಂಥದೇ ಒಂದು ಗೀರಿದೆ. ಅದು ಸುಭಾಸ ರೋಡಿನಲ್ಲಿ ಬಾಳೆಹಣ್ಣಿನ ಗಾಡಿಗೆ ತಿಕ್ಕಿದ್ದು.

ನಿಜ ಹೇಳಬೇಕೆಂದರೆ ಈ ವಿದ್ಯೆಯನ್ನು ನಾನು ಇಂಟರ್‌ನೆಟ್ಟಿನಿಂದ ಕಲಿತವನಲ್ಲ. ನಮ್ಮ ಓಣಿಯಲ್ಲಿ ನಳದ ನೀರು ದಿನಾ ಬರುವುದಿಲ್ಲ. ಯಾವಾಗ ಬಂದೀತು ಎಂಬುದರ ಮೇಲೆ ಮನೆಗೊಂದು ಥಿಯರಿ ಇದೆ. ಒಬ್ಬರು ಸವದತ್ತಿ ಡ್ಯಾಮಿನ ಮಟ್ಟ ಹೇಳುತ್ತಾರೆ, ಒಬ್ಬರು ಹಿಂದಿನ ಓಣಿಗೆ ಬಂದ ದಿನದಿಂದ ಎಣಿಸುತ್ತಾರೆ. ನಮ್ಮ ಆಯಿ ಮಾತ್ರ ನೀರು ಬಿಡುವವನ ಸೈಕಲ್ ಸಪ್ಪಳದ ಮೇಲೆ ಹೇಳುತ್ತಾಳೆ. ಆಕೆಯದು ತಪ್ಪಿದ್ದನ್ನು ನಾನು ಕಂಡಿಲ್ಲ. ಟಾಡ್ ಹೋವರ್ಡ್ ಸೈಕಲ್ ಹೊಡೆದಿದ್ದರೆ ನಮಗೆ ಇಷ್ಟು ತ್ರಾಸು ಇರುತ್ತಿರಲಿಲ್ಲ.

ಆಯಿಗೆ ಒಮ್ಮೆ ಶರ್ಲಿ ಕರಿ ಎಂಬ ಅಮೆರಿಕದ ಅಜ್ಜಿಯ ಕತೆ ಹೇಳಿದ್ದೆ. ಎಂಬತ್ತು ದಾಟಿದ ಆಕೆ ಯೂಟ್ಯೂಬಿನಲ್ಲಿ ಸ್ಕೈರಿಮ್ ಆಡಿ ‘ಸ್ಕೈರಿಮ್ ಅಜ್ಜಿ’ ಎಂದೇ ಹೆಸರಾದಳು. ಆಕೆಯನ್ನು ಹೊಸ ಆಟದಲ್ಲಿ ಒಂದು ಪಾತ್ರವಾಗಿ ಇಡುತ್ತೇವೆಂದು ಕಂಪನಿಯವರು 2019ರಲ್ಲೇ ಮಾತು ಕೊಟ್ಟಿದ್ದಾರೆ. ಆಯಿ ಎಲೆಯಡಿಕೆ ಕುಟ್ಟುವುದನ್ನು ನಿಲ್ಲಿಸಿ, “ಅಯ್ಯ, ಆಕೀಗೂ ಕಾಯಾಕ ಹಚ್ಯಾರೇನು?” ಅಂದಳು.

ಇನ್ನು ನಕಾಶೆಯ ವಿಷಯ. ಹೋದ ತಿಂಗಳು ಒಂದು ರಾತ್ರಿ ಟೀಸರನ್ನು ನಿಲ್ಲಿಸಿ ನಿಲ್ಲಿಸಿ ನೋಡುತ್ತ, ಯಾರದೋ ಲಗ್ನಪತ್ರಿಕೆಯ ಹಿಂಬದಿಗೆ ದಂಡೆಯ ಗೆರೆ ಬಿಡಿಸಿದೆ. ಗುಡ್ಡಗಳಿಗೆ ತ್ರಿಕೋನ, ಕೊಲ್ಲಿಗೆ ನೀಲಿ ಪೆನ್ನು, ಕೊಲ್ಲಿಯ ದಂಡೆಯ ಊರಿಗೆ ಒಂದು ಚುಕ್ಕೆ ಇಟ್ಟು ‘ಸೆಂಟಿನಲ್’ ಎಂದು ಅದರ ಹೆಸರು. ಕೆಳಗೆ ನನ್ನ ತೀರ್ಪು: ‘ಹ್ಯಾಮರ್‌ಫೆಲ್ 90%, ಹೈ ರಾಕ್ 10%’. ಎಲ್ಲವನ್ನೂ ಕನ್ನಡದಲ್ಲೇ ಬರೆದಿದ್ದೆ. ಭಾಷಾಭಿಮಾನ. ಅದೇ ಮುಳುವಾಯಿತು. ಇಂಗ್ಲಿಷಿನಲ್ಲಿ ಬರೆದಿದ್ದರೆ ನಮ್ಮ ಮನೆಯಲ್ಲಿ ಯಾರೂ ಅದರ ತಂಟೆಗೆ ಹೋಗುತ್ತಿರಲಿಲ್ಲ.

ಲಗ್ನದ ತಾರೀಖು ನೋಡಲು ಪತ್ರಿಕೆ ಹುಡುಕಿದ ಅವ್ವನ ಕೈಗೆ ಅದು ಸಿಕ್ಕಿತು. ಅವ್ವನಿಂದ ಅಪ್ಪನಿಗೆ, ಅಪ್ಪನಿಂದ ಕಾಕಾನಿಗೆ. ಆಮೇಲೆ ಆಯಿ ನನಗೆ ಸಾದ್ಯಂತ ವರದಿ ಒಪ್ಪಿಸಿದ ಪ್ರಕಾರ, ಅಂದಿನ ಸಭೆ ಹೀಗೆ ನಡೆಯಿತು.

“ಇದು ಲೇಔಟ್ ನಕಾಶಿ, ಅಣ್ಣಾ. ಹುಡುಗ ಸದ್ದಿಲ್ದ ಜಾಗಾ ಹಿಡದಾನ,” ಅಂದ ಕಾಕಾ. “ತೊಂಬತ್ತು ಪರ್ಸೆಂಟ್ ಇವಂದು, ಹತ್ತು ಪರ್ಸೆಂಟ್ ಹೈ ರಾಕ್ ಅನ್ನಾಂವಂದು. ಪಾರ್ಟ್ನರ್ ಇರಬೇಕು.”

“ಮುಂದ ನೀರು, ಹಿಂದ ಗುಡ್ಡ. ಕೆಲಗೇರಿ ಕೆರಿ ಬಾಜೂಕ,” ಅಂದ ಅಪ್ಪ.

“ಕೆಲಗೇರಿ ಅಲ್ಲ. ಇಲ್ಲಿ ನೋಡು, ‘ಸೆಂಟಿನಲ್’. ಸೆಂಟಿನಲ್ಲಿ ಅಂತ ಬರಿಯಾಕ ಹೋಗಿ ಕಡೀ ಅಕ್ಷರ ಬಿಟ್ಟಾನ. ನಾವು ಅಳಿಯೋದು ಗುಂಟಾದಾಗ. ಸೆಂಟಿನ್ಯಾಗ ಅಳಿಯೋರು ಯಾರು? ಮಂಗಳೂರು ಮಂದಿ! ಇದು ಕೆರಿ ಅಲ್ಲ ಅಣ್ಣಾ, ಸಮುದ್ರ.”

ಅಂತರಿಕ್ಷ ನೌಕೆಯ ಗೀರು ಓದಿದ ಪಂಡಿತರು ನಮ್ಮ ಕಾಕಾನ ಕಾಲಿಗೆ ಬೀಳಬೇಕು.

ಅವ್ವ ಮಾತ್ರ ಇನ್ನೂ ಒಂದು ಹೆಜ್ಜೆ ಮುಂದೆ ಹೋದಳು. “ಮಂಗಳೂರಾಗ ಇವಗೇನು ಕೆಲಸ? ಹುಡುಗಿ ಮಂಗಳೂರಾಕಿ! ಅಯ್ಯ ನನ್ನ ಶಿವನ, ಮೀನಾ ತಿನ್ನೋ ಮಂದಿ!”

ಈ ಸರಣಿಯಲ್ಲಿ ‘ಡ್ರ್ಯಾಗನ್ ಬ್ರೇಕ್’ ಎಂಬ ಒಂದು ಉಪಾಯವಿದೆ. 1996ರ ‘ಡ್ಯಾಗರ್‌ಫಾಲ್’ ಆಟಕ್ಕೆ ಹಲವು ಅಂತ್ಯಗಳಿದ್ದವು. ಅವುಗಳಲ್ಲಿ ಯಾವುದು ಖರೆ ಎಂದು ಹೇಳಲಾಗದೆ, ಕಾಲವೇ ಮುರಿದು ಎಲ್ಲವೂ ಒಟ್ಟಿಗೇ ನಡೆದವು ಎಂದು ಮುಂದಿನ ಆಟಗಳಲ್ಲಿ ಬಗೆಹರಿಸಿದರು. ನಮ್ಮ ಮನೆಯಲ್ಲಿ ಆ ವಾರ ನಡೆದದ್ದು ಅದೇ. ಅಪ್ಪ ಕೆಲಗೇರಿ ಪ್ಲಾಟಿನ ವಾಸ್ತು ವಿಚಾರಿಸುತ್ತಿದ್ದ, ಕಾಕಾ ಮಂಗಳೂರಿನ ರೇಟು ಕೇಳುತ್ತಿದ್ದ, ಅವ್ವ ಶೇಂಗಾ ಪುಡಿ ಬಿಟ್ಟು ಎಲ್ಲ ಪಲ್ಯಕ್ಕೂ ಕೊಬ್ಬರಿ ಹಾಕತೊಡಗಿದಳು. “ಕುಸುಬಲಕ್ಕಿ ಅನ್ನ ನಿನಗ ಒಗ್ಗತೈತೇನೋ ತಮ್ಮಾ?” ಎಂದು ಒಮ್ಮೆ ಕೇಳಿಯೂ ಕೇಳಿದಳು. “ಹೂಂ” ಅಂದೆ, ಟೀಸರಿನ 22ನೇ ಸೆಕೆಂಡಿನಿಂದ ಕಣ್ಣು ತೆಗೆಯದೆ. ಗುಡ್ಡದ ನೆರಳಿನಲ್ಲಿ ಕೋಟೆ ಹುಡುಕುವವನಿಗೆ ತಾಟಿನಲ್ಲಿದ್ದ ಕೊಬ್ಬರಿ ಕಾಣಲಿಲ್ಲ. ಆಕೆ ಆ “ಹೂಂ”ಅನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋದಳು.

ರವಿವಾರ ಏಜೆಂಟ್ ಬಂದದ್ದು ಇಷ್ಟೆಲ್ಲ ಹದವಾದ ಮೇಲೆ. ನಾನು ಬನಿಯನ್ ಮೇಲೆಯೇ ಹೊರಗೆ ಬಂದು, ಇದು ಪ್ಲಾಟ್ ಅಲ್ಲ, ಆಟ, ಅದೂ ಇನ್ನೂ ಬರದ ಆಟ ಎಂದು ಕೈ ಮುಗಿದು ಹೇಳಿದೆ. ಅಪ್ಪ ಕನ್ನಡಕ ತೆಗೆದು ಒರೆಸಿದ. ಕಾಕಾ ಪೇಪರಿನ ಹಿಂದೆ ಹೋದ. ಏಜೆಂಟನಿಗೆ ಮಾತ್ರ ಏನೂ ಆಗಲಿಲ್ಲ.

“ಆಟ ಇರಲ್ರಿ ಸರ. ಜಾಗಾ ಐತಲ್ಲ?”

ಬಾಯಿ ತಡೆಯಲಿಲ್ಲ. “ಯಾವಾಗ ಸಿಗತೈತ್ರಿ?” ಎಂದು ಕೇಳಿಬಿಟ್ಟೆ.

“ದಸರಾಕ ಪಜೇಶನ್.”

2018ರಿಂದ ಈಚೆಗೆ ಹ್ಯಾಮರ್‌ಫೆಲ್ ಬಗ್ಗೆ ಒಂದು ತಾರೀಖು ಹೇಳಿದ ಮೊದಲ ಮನುಷ್ಯ ಈತ. ಚಹಾ ಕುಡಿಸದೆ ಕಳಿಸಲು ಮನಸ್ಸಾಗಲಿಲ್ಲ.

ಅವ್ವ ಅಡಿಗೆಮನೆ ಬಾಗಿಲಲ್ಲಿ ಅರ್ಧ ಹೆರೆದ ಕೊಬ್ಬರಿ ಗಿಟುಕು ಹಿಡಿದು ನಿಂತಿದ್ದಳು. “ಹಂಗಾರ ಹುಡುಗಿ?”

“ಇಲ್ಲವ್ವ.”

“ಮಂಗಳೂರಾಕಿ?”

“ಯಾ ಊರಾಕೀನೂ ಇಲ್ಲವ್ವ.”

ಮೂಲೆಯಿಂದ ಆಯಿ ನಿಟ್ಟುಸಿರು ಬಿಟ್ಟಳು. “ಮೀನಾ ತಿಂದ್ರೂ ನಡೀತಿತ್ತು, ಹುಡುಗಿ ಅಂತ ಒಂದು ಇದ್ದಿದ್ರ.”

ಮಧ್ಯಾಹ್ನದ ಬದನೆಕಾಯಿ ಪಲ್ಯದಲ್ಲಿ ಶೇಂಗಾ ಪುಡಿ ವಾಪಸು ಬಂದಿತ್ತು.

ಬುಧವಾರ ಚಿಗರಿಯಲ್ಲಿ ಜೋತಾಡುತ್ತ ಹುಬ್ಬಳ್ಳಿಗೆ ಹೊರಟಿದ್ದೆ. ಉಣಕಲ್ ಹತ್ತಿರ ಏಜೆಂಟನ ಫೋನ್ ಬಂತು.

“ಸರ, ಹ್ಯಾಮರ್‌ಫೆಲ್‌ದು ಹೋತ್ರಿ. ಗದಗಿನ ಪಾರ್ಟಿ ನಿನ್ನಿ ಸಂಚಗಾರ ಕೊಟ್ಟು ಹೋದ್ರು. ಮನಸಿಗೆ ಹಚ್ಕೋಬ್ಯಾಡ್ರಿ. ನಿಮ್ಮ ನಕಾಶಿಯೊಳಗ ಹೈ ರಾಕ್ ಅಂತ ಒಂದು ಇತ್ತಲ್ರಿ, ಅಲ್ಲೆ ಕಾರ್ನರ್ ಪ್ಲಾಟ್ ಒಂದು ಐತಿ. ನೋಡಾಕ ಯಾವಾಗ ಬರ್ತೀರಿ?”